‘ಎಂಟೂವರೆ’ಗೆ ಕೀಲಿಕೈ ಬೇಕಿಲ್ಲ

ಫೆಡೆರಿಕೊ ಫೆಲ್ಲಿನಿ ನಿರ್ದೇಶನದ ‘8½’ ಇಟಲಿಯಲ್ಲಿ ತೆರೆಗೆ ಬಂದದ್ದು 1963ರ ಫೆಬ್ರುವರಿಯಲ್ಲಿ. ಅಂದಿನಿಂದ ಅದನ್ನು ನೋಡಿದವರು ಆಡುತ್ತ ಬಂದಿರುವ ಮಾತುಗಳನ್ನು ಮೂರು ಗುಂಪು ಮಾಡಬಹುದು. ಸಿನಿಮಾ ಎಂಬ ಕಲೆ ಎಷ್ಟು ಎತ್ತರಕ್ಕೆ ಏರಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ ಎನ್ನುವವರು ಒಂದು ಕಡೆ. ನಿರ್ದೇಶಕನೊಬ್ಬ ಎರಡು ಗಂಟೆಗೂ ಮೀರಿ ತನ್ನ ಗೋಳನ್ನೇ ತೋಡಿಕೊಂಡಿದ್ದಾನೆ, ಅದನ್ನು ನಾವೇಕೆ ಕೇಳಬೇಕು ಎನ್ನುವವರು ಇನ್ನೊಂದು ಕಡೆ. ಇವರಿಬ್ಬರ ನಡುವೆ ಅಷ್ಟಾಗಿ ಗಮನಕ್ಕೆ ಬಾರದ ಮೂರನೆಯ ಗುಂಪಿದೆ. ‘ನೋಡುವಾಗ ಕಣ್ಣು ಕೀಳಲಾಗಲಿಲ್ಲ, ಆದರೆ ಅರ್ಥವಾಗಲಿಲ್ಲ’ ಎಂದು ಇವರು ಸಂಕೋಚದಿಂದ ಹೇಳುತ್ತಾರೆ. ಮನೆಯಲ್ಲಿ ನೋಡಲೆಂದು ಬಂದ ಡಿವಿಡಿ, ಬ್ಲೂ-ರೇಗಳು ತಮ್ಮ ಜೊತೆಗೆ ಹೊತ್ತು ತರುವ ವ್ಯಾಖ್ಯಾನ, ಸಂದರ್ಶನ, ಸಾಕ್ಷ್ಯಚಿತ್ರಗಳೆಲ್ಲ ಮುಖ್ಯವಾಗಿ ಈ ಮೂರನೆಯವರಿಗಾಗಿಯೇ. ನನ್ನ ವಾದ ಇಷ್ಟು: ಆ ಮೂರನೆಯ ಮಾತಿನಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಈ ಚಿತ್ರದ ಬಗ್ಗೆ ಮೊದಲ ನೋಟಕ್ಕೆ ಹೇಳಬಹುದಾದ ಅತ್ಯಂತ ನಿಖರವಾದ ಮಾತು ಅದೇ. ಡಿಸ್ಕ್ ನಮಗೆ ಕೊಡುವ ದೊಡ್ಡ ಉಡುಗೊರೆ ವಿವರಣೆಯೂ ಅಲ್ಲ. ಸ್ವಚ್ಛವಾದ ಬಿಂಬ ಮತ್ತು ಎರಡನೆಯ ಸಲ ನೋಡುವ ಅವಕಾಶ.

ಕಥೆ ಎಂದು ಹೇಳಲು ಹೊರಟರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. 43 ವರ್ಷದ ಹೆಸರಾಂತ ನಿರ್ದೇಶಕ ಗ್ವಿಡೊ ಆನ್ಸೆಲ್ಮಿ ದಣಿದು, ಖನಿಜ ನೀರಿನ ಚಿಕಿತ್ಸೆಗೆಂದು ಒಂದು ಊರಿಗೆ ಬಂದಿದ್ದಾನೆ. ಮುಂದಿನ ಚಿತ್ರಕ್ಕಾಗಿ ರಾಕೆಟ್ ಕಟ್ಟೆಯ ಸೆಟ್ ಎದ್ದು ನಿಂತಿದೆ, ದುಡ್ಡು ಹರಿದಿದೆ, ನಟನಟಿಯರು ಕಾಯುತ್ತಿದ್ದಾರೆ. ಏನು ಚಿತ್ರ ಮಾಡಬೇಕೆಂಬುದೊಂದೇ ಅವನಿಗೆ ಗೊತ್ತಿಲ್ಲ. ನಿರ್ಮಾಪಕ, ಪತ್ರಕರ್ತರು, ಪ್ರೇಯಸಿ ಕಾರ್ಲಾ, ಹೆಂಡತಿ ಲೂಯಿಸಾ ಎಲ್ಲರೂ ಅವನನ್ನು ಸುತ್ತುವರಿದಂತೆ ಅವನ ಮನಸ್ಸು ಬಾಲ್ಯಕ್ಕೆ, ಕನಸಿಗೆ, ಹಗಲುಗನಸಿಗೆ ಜಾರುತ್ತದೆ. ಗ್ವಿಡೊ ಆಗಿ ಮಾರ್ಚೆಲ್ಲೊ ಮಾಸ್ಟ್ರೊಯಾನಿ, ಲೂಯಿಸಾ ಆಗಿ ಅನೂಕ್ ಎಮೆ, ಕಾರ್ಲಾ ಆಗಿ ಸಾಂಡ್ರಾ ಮಿಲೊ ನಟಿಸಿದ್ದಾರೆ. ಹೆಸರೂ ಕಥೆಯಿಂದ ಬಂದದ್ದಲ್ಲ. ಅದಕ್ಕೆ ಮೊದಲು ಫೆಲ್ಲಿನಿ ಆರು ಪೂರ್ಣ ಚಿತ್ರಗಳನ್ನು ಮಾಡಿದ್ದರು. ಬೇರೆಯವರೊಡನೆ ಸೇರಿ ನಿರ್ದೇಶಿಸಿದ ಒಂದು ಚಿತ್ರ ಹಾಗೂ ಎರಡು ಕಿರುಚಿತ್ರಗಳನ್ನು ಅರ್ಧರ್ಧ ಎಂದು ಕೂಡಿಸಿದರೆ ಏಳೂವರೆ. ಹೀಗಾಗಿ ಇದು ಎಂಟೂವರೆ. ಬರೀ ಎಣಿಕೆಯನ್ನೇ ಹೆಸರಾಗಿ ಹೊತ್ತ ಚಿತ್ರ ತನ್ನ ಅರ್ಥದ ಸುಳಿವನ್ನು ಬಾಗಿಲಲ್ಲೇ ಬಿಟ್ಟುಕೊಡಲು ಒಪ್ಪಿಲ್ಲ.

ಒಂದು ಲೋಟ ನೀರು

ಗ್ವಿಡೊನ ಮನಸ್ಸಿನ ಈ ಜಾರುವಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಒಂದೇ ದೃಶ್ಯದಲ್ಲಿ ಹತ್ತಿರದಿಂದ ನೋಡಬಹುದು. ಚಿಕಿತ್ಸಾಲಯದ ತೋಟದಲ್ಲಿ ಕಣ್ಣು ಕೋರೈಸುವ ಬಿಸಿಲು. ವಾದ್ಯವೃಂದ ವ್ಯಾಗ್ನರ್‌ನ ಆರ್ಭಟದ ಸಂಗೀತ ನುಡಿಸುತ್ತಿದೆ, ಬಳಿಕ ರೊಸ್ಸೀನಿಯ ಲವಲವಿಕೆಯ ಸ್ವರಗಳು. ಮುದುಕರು, ಮುದುಕಿಯರು, ಪಾದ್ರಿಗಳು, ಸನ್ಯಾಸಿನಿಯರು ಲೋಟ ಹಿಡಿದು ನೀರಿನ ಕಟ್ಟೆಯ ಮುಂದೆ ಸಾಲುಗಟ್ಟಿದ್ದಾರೆ. ಸಾಲಿನಲ್ಲಿ ನಿಂತ ಗ್ವಿಡೊ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸುತ್ತಾನೆ. ಥಟ್ಟನೆ ಸಂಗೀತ ನಿಲ್ಲುತ್ತದೆ. ಬಿಳಿಯುಡುಗೆಯ ಚೆಲುವೆಯೊಬ್ಬಳು, ಕ್ಲಾಡಿಯಾ ಕಾರ್ಡಿನಾಲೆ, ನೆಲ ಸೋಕದವಳಂತೆ ತೇಲಿ ಬಂದು ನಗುತ್ತ ನೀರಿನ ಲೋಟ ನೀಡುತ್ತಾಳೆ. ಮರುಗಳಿಗೆ ಗದ್ದಲ ವಾಪಸಾಗುತ್ತದೆ. ಬೆವೆತು ಬೇಸತ್ತ ಕೆಲಸದಾಕೆ ‘ಸ್ವಾಮಿ, ಲೋಟ ತಗೊಳ್ಳಿ’ ಎಂದು ಅವಸರಿಸುತ್ತಿದ್ದಾಳೆ. ಕನಸು ಶುರುವಾಯಿತೆಂದು ಹೇಳಲು ತೆರೆ ಮಸುಕಾಗಿಲ್ಲ, ಬಿಂಬ ಅಲೆಯಾಗಿ ತೊನೆದಿಲ್ಲ. ಗುರುತು ಇರುವುದು ಎರಡೇ ಕಡೆ: ಸದ್ದು ಅಡಗಿದ್ದರಲ್ಲಿ ಮತ್ತು ಬಿಳುಪಿನ ಹೊಳಪಿನಲ್ಲಿ. ಪ್ರೇಕ್ಷಕನಿಗೆ ಆ ಕ್ಷಣದಲ್ಲಿ ಗೊಂದಲವಾಗಲೇಬೇಕು. ಏಕೆಂದರೆ ಹಗಲುಗನಸು ನಮ್ಮೊಳಗೂ ಹಾಗೆಯೇ ಬರುತ್ತದೆ, ಮುನ್ಸೂಚನೆ ಕೊಟ್ಟು ಬರುವುದಿಲ್ಲ.

ಆದ್ದರಿಂದಲೇ ಈ ಚಿತ್ರದ ಮಟ್ಟಿಗೆ ಪ್ರತಿಯ ಗುಣಮಟ್ಟ ಶೋಕಿಯ ವಿಷಯವಲ್ಲ. ಛಾಯಾಗ್ರಾಹಕ ಜಾನ್ನಿ ದಿ ವೆನಾಂಜೊ ಕಪ್ಪು-ಬಿಳುಪಿನ ಎರಡು ತುದಿಗಳನ್ನೂ ಬಳಸಿದ್ದಾರೆ: ತೋಟದ ಬಿಳುಪು ಇನ್ನೇನು ಸುಟ್ಟುಹೋಗುತ್ತದೆ ಎನ್ನುವಷ್ಟು ಪ್ರಖರ, ಗ್ವಿಡೊನ ಸೂಟು ಮತ್ತು ರಾತ್ರಿಯ ಮೊಗಸಾಲೆಗಳ ಕಪ್ಪು ಅಷ್ಟೇ ದಟ್ಟ. ಈ ಎರಡರ ನಡುವೆ ಉಳಿದಿರುವ ಬೂದುಬಣ್ಣದ ನೂರು ಛಾಯೆಗಳೇ ಚಿತ್ರದ ವ್ಯಾಕರಣ. ಸವೆದ ಪ್ರಿಂಟಿನಿಂದ ಎತ್ತಿದ ವಿಡಿಯೊ ಪ್ರತಿಯಲ್ಲಿ ಮೊದಲು ನಾಶವಾಗುವುದು ಇವೇ. ಬಿಳುಪೆಲ್ಲ ಒಂದೇ ಸುಣ್ಣದ ಗೋಡೆ, ಕಪ್ಪೆಲ್ಲ ಒಂದೇ ಮಸಿ. ಅದರ ಮೇಲೆ ಅಚ್ಚಾದ ಬಿಳಿ ಅಕ್ಷರದ ಸಬ್‌ಟೈಟಲ್ ಬಿಳಿ ಉಡುಪಿನ ಮೇಲೆ ಬಿದ್ದರೆ ಮಾತೂ ಹೋಯಿತು. ಅಂಥ ಪ್ರತಿ ನೋಡಿದವರು ಚಿತ್ರವನ್ನು ಅಯೋಮಯ ಎಂದು ತಳ್ಳಿಹಾಕಿದ್ದರೆ ಅವರ ತಪ್ಪಿಲ್ಲ; ಕನಸನ್ನೂ ನಿಜವನ್ನೂ ಬೇರ್ಪಡಿಸುವ ಬೆಳಕೇ ಅವರಿಗೆ ತಲುಪಿರಲಿಲ್ಲ. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2001ರಲ್ಲಿ ತಂದ ಡಿವಿಡಿ, 2010ರ ಬ್ಲೂ-ರೇ, ಫೆಲ್ಲಿನಿ ಜನ್ಮಶತಮಾನೋತ್ಸವದ 2020ರಲ್ಲಿ ಹದಿನಾಲ್ಕು ಚಿತ್ರಗಳ ಸಂಪುಟದೊಳಗೆ ಬಂದ ಪ್ರತಿ, ಇವುಗಳ ನಿಜವಾದ ಮಹತ್ವ ಇಲ್ಲಿದೆ. ಹಲವು ಚಿತ್ರಗಳಿಗೆ ಪುನರುಜ್ಜೀವನವೆಂದರೆ ಗೀರು, ಧೂಳು ತೆಗೆಯುವುದು. ಈ ಚಿತ್ರಕ್ಕೆ ಅದು ಅರ್ಥವನ್ನೇ ಹಿಂತಿರುಗಿಸುವ ಕೆಲಸ.

ಬಿಂಬ ಇಷ್ಟು ಚೊಕ್ಕಟವಾದ ಮೇಲೆ ಹೊಸದೊಂದು ದೂರು ಹುಟ್ಟಿಕೊಳ್ಳುತ್ತದೆ: ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ, ಡಿಸ್ಕಿನಲ್ಲೇ ದೋಷವಿರಬೇಕು. ದೋಷ ಡಿಸ್ಕಿನದ್ದಲ್ಲ. ಆ ಕಾಲದ ಇಟಲಿಯಲ್ಲಿ ಚಿತ್ರೀಕರಣದ ವೇಳೆ ಧ್ವನಿ ಹಿಡಿಯುವ ಪದ್ಧತಿಯೇ ವಿರಳ, ಮಾತೆಲ್ಲ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ. ಫೆಲ್ಲಿನಿಯಂತೂ ಸೆಟ್ಟಿನಲ್ಲಿ ಸಂಗೀತ ಹಾಕುತ್ತಿದ್ದರು, ಕೆಲವು ನಟರಿಗೆ ಸಂಭಾಷಣೆಯ ಬದಲು ಅಂಕಿಗಳನ್ನು ಹೇಳಿ ಎನ್ನುತ್ತಿದ್ದರು. ದಶಕಗಳ ಕಾಲ ಎಲ್ಲ ಮಾತನ್ನೂ ಡಬ್ಬಿಂಗ್‌ನಲ್ಲೇ ಪಡೆದ ನಮ್ಮ ಚಿತ್ರಗಳನ್ನು ನೋಡಿ ಬೆಳೆದ ಕನ್ನಡ ಪ್ರೇಕ್ಷಕರಿಗೆ ಇದು ಅಪರಿಚಿತ ಸಂಗತಿಯಲ್ಲ. ಆದರೆ ‘ಎಂಟೂವರೆ’ಯಲ್ಲಿ ಈ ಸಡಿಲ ಜೋಡಣೆ ಚಿತ್ರದ ಸ್ವಭಾವಕ್ಕೇ ಹೊಂದುತ್ತದೆ. ಮಾತುಗಳು ಬಾಯಿಂದ ಹೊರಟಂತೆ ಕೇಳದೆ, ಗ್ವಿಡೊನ ತಲೆಯೊಳಗೆ ಅನುರಣಿಸಿದಂತೆ ಕೇಳುತ್ತವೆ. ಕಾರ್ಡಿನಾಲೆ ಅವರ ಒಡೆದ, ತುಸು ಗೊಗ್ಗರು ದನಿಯನ್ನು ಅದುವರೆಗಿನ ಇಟಾಲಿಯನ್ ಚಿತ್ರಗಳಲ್ಲಿ ಬೇರೆಯವರ ದನಿಯಿಂದ ಮುಚ್ಚಲಾಗಿತ್ತು. ಅವರದೇ ದನಿ ಮೊದಲು ಕೇಳಿದ್ದು ಈ ಚಿತ್ರದಲ್ಲಿ. ಕನಸಿನಲ್ಲಿ ತೇಲಿ ಬಂದ ಚೆಲುವೆ ಕೊನೆಯ ಭಾಗದಲ್ಲಿ ನಿಜವಾದ ನಟಿಯಾಗಿ ಕಾರಿನಲ್ಲಿ ಕೂತು, ಗ್ವಿಡೊಗೆ ಪ್ರೀತಿಸಲು ಬಾರದು ಎಂಬ ಸತ್ಯವನ್ನು ಮುಖಕ್ಕೆ ಹೇಳುವಾಗ ಆ ದನಿ ಹಗ್ಗ ಕಟ್ಟಿ ಎಳೆದಂತೆ ಅವನನ್ನು ನೆಲಕ್ಕೆ ಇಳಿಸುತ್ತದೆ.

ಒಗಟೂ ಕನಸೂ ಬೇರೆ

ರಿಮೋಟ್ ಕೈಗೆ ಬಂದ ಮೇಲೆ ನೋಡುವ ರೀತಿ ಬದಲಾಯಿತು. ಅರ್ಥವಾಗದ ದೃಶ್ಯವನ್ನು ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಪಂಡಿತರ ವ್ಯಾಖ್ಯಾನದ ಧ್ವನಿಪಥವನ್ನು ಹಾಕಿಕೊಳ್ಳಬಹುದು. ಇದರಿಂದ ಚಿತ್ರವೆಂದರೆ ಬಿಡಿಸಬೇಕಾದ ಒಗಟು ಎಂಬ ಭಾವನೆ ಸಹಜವಾಗಿಯೇ ಬಲಿಯುತ್ತದೆ. ಹಾಗೆ ಬಿಡಿಸಲೆಂದೇ ಕಟ್ಟಿದ ಒಳ್ಳೆಯ ಚಿತ್ರಗಳು ಇವೆ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಬಣ್ಣದ ಬದುಕನ್ನೂ ಕಪ್ಪು-ಬಿಳುಪಿನ ಬದುಕನ್ನೂ ಹೆಣೆದು, ಯಾವುದು ಕನಸು ಎಂಬ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಕೊಡುತ್ತದೆ. ಆ ಉತ್ತರ ಸಿಕ್ಕಾಗಿನ ಬೆರಗೇ ಅದರ ಸೊಗಸು. ‘ಎಂಟೂವರೆ’ಯಲ್ಲಿ ಅಂಥ ಕೀಲಿಕೈ ಇಲ್ಲ. ಹೆಚ್ಚಿನ ಕಡೆ ಯಾವುದು ಕನಸು, ಯಾವುದು ನೆನಪು ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ತಿಳಿದ ಮೇಲೂ ಏನೋ ಉಳಿಯುತ್ತದೆ. ಆಲಾಪನೆ ಕೇಳುವಾಗ ಇದರ ಅರ್ಥವೇನೆಂದು ಯಾರೂ ತಡೆದು ಕೇಳುವುದಿಲ್ಲ. ಸ್ವರ ಎಲ್ಲಿಂದ ಎಲ್ಲಿಗೆ ಹೋಯಿತು, ಎಲ್ಲಿಗೆ ಮರಳಿತು ಎಂಬುದನ್ನು ಹಿಂಬಾಲಿಸುತ್ತೇವೆ. ಫೆಲ್ಲಿನಿ ನಮ್ಮಿಂದ ಬಯಸುವುದು ಆ ಬಗೆಯ ಗಮನವನ್ನು.

ಕೀಲಿಕೈ ಇಲ್ಲ ಎಂಬುದಕ್ಕೆ ಚಿತ್ರ ತಯಾರಾದ ಬಗೆಯೇ ಪುರಾವೆ. ಫೆಲ್ಲಿನಿ ಹೇಳಿಕೊಂಡಿರುವ ಪ್ರಕಾರ, ಸಿದ್ಧತೆಯೆಲ್ಲ ಮುಗಿದ ಹೊತ್ತಿಗೆ ತಾವು ಏನು ಚಿತ್ರ ಮಾಡಹೊರಟಿದ್ದೆವು ಎಂಬುದೇ ಅವರಿಗೆ ಮರೆತುಹೋಗಿತ್ತು. ಕೈಬಿಡುತ್ತೇನೆಂದು ನಿರ್ಮಾಪಕ ಆಂಜೆಲೊ ರಿಜೋಲಿಗೆ ಕಾಗದ ಬರೆಯುತ್ತ ಕೂತಿದ್ದಾಗ ಸ್ಟುಡಿಯೊದ ಕೆಲಸಗಾರರೊಬ್ಬರು ತಮ್ಮ ಹುಟ್ಟುಹಬ್ಬಕ್ಕೆಂದು ಕರೆದರು. ಎಲ್ಲರೂ ಲೋಟ ಎತ್ತಿ ಶುಭ ಹಾರೈಸುತ್ತಿದ್ದಾಗ, ಏನು ಮಾಡಬೇಕೆಂದು ತಿಳಿಯದ ನಿರ್ದೇಶಕನ ಕಥೆಯನ್ನೇ ಮಾಡಿದರಾಯಿತು ಎಂದು ಹೊಳೆಯಿತಂತೆ. ಅಂತ್ಯದ ಕಥೆ ಇನ್ನೂ ಸ್ವಾರಸ್ಯಕರ. ಮೊದಲು ಚಿತ್ರೀಕರಿಸಿದ್ದು ರೈಲಿನ ಊಟದ ಬೋಗಿಯಲ್ಲಿ ಎಲ್ಲ ಪಾತ್ರಗಳೂ ಬಿಳಿ ಬಟ್ಟೆಯಲ್ಲಿ ಕೂತಿರುವ ದೃಶ್ಯವನ್ನು. ಟ್ರೇಲರ್‌ಗೆಂದು ತೆಗೆದ ಮೆರವಣಿಗೆಯ ದೃಶ್ಯ ಅದಕ್ಕಿಂತ ಹಿಡಿಸಿದ್ದರಿಂದ ಬೋಗಿಯ ಅಂತ್ಯವನ್ನು ಕೈಬಿಟ್ಟರು. ಇಂದು ಎಲ್ಲರೂ ಕೊಂಡಾಡುವ ಕೊನೆ, ರಾಕೆಟ್ ಕಟ್ಟೆಯ ಕಬ್ಬಿಣದ ಹಂದರದ ಕೆಳಗೆ ನೀನೊ ರೋಟಾ ಅವರ ಸರ್ಕಸ್ ರಾಗಕ್ಕೆ ಎಲ್ಲರೂ ಕೈಕೈ ಹಿಡಿದು ಸುತ್ತುವ ದೃಶ್ಯ, ಹೀಗೆ ದಾರಿಯಲ್ಲಿ ಸಿಕ್ಕದ್ದು. ಮೊದಲೇ ಬಚ್ಚಿಟ್ಟ ಉತ್ತರವೊಂದು ಇದ್ದಿದ್ದರೆ ಅಂತ್ಯವನ್ನು ಹೀಗೆ ಬದಲಾಯಿಸಲು ಆಗುತ್ತಿರಲಿಲ್ಲ.

ಹಾಗೆಂದು ಚಿತ್ರ ಬೇಕಾಬಿಟ್ಟಿ ಕಟ್ಟಿದ್ದು ಎಂದಲ್ಲ. ಇಲ್ಲೇ ಎರಡನೆಯ ನೋಟ ಕೆಲಸಕ್ಕೆ ಬರುತ್ತದೆ. ಮೊದಲರ್ಧದಲ್ಲಿ ಗ್ವಿಡೊಗೆ ತನ್ನ ಬಾಲ್ಯದ ಹಳ್ಳಿಮನೆ ನೆನಪಾಗುತ್ತದೆ: ದೊಡ್ಡ ಅಡುಗೆಮನೆ, ಉರಿಯುವ ಒಲೆ, ಮಕ್ಕಳನ್ನು ದ್ರಾಕ್ಷಾರಸದ ತೊಟ್ಟಿಯಲ್ಲಿ ಮೀಯಿಸುವ ಹೆಂಗಸರು, ಬಿಳಿ ಬಟ್ಟೆಯಲ್ಲಿ ಸುತ್ತಿ ಹಾಸಿಗೆಗೆ ಹೊತ್ತೊಯ್ಯುವ ಅಕ್ಕರೆಯ ತೋಳುಗಳು. ಗಂಟೆಗೂ ಹೆಚ್ಚು ಹೊತ್ತಿನ ಬಳಿಕ ಹೆಚ್ಚು ಚರ್ಚೆಗೆ ಒಳಗಾದ ಅಂತಃಪುರದ ಕನಸು ಬರುತ್ತದೆ. ಅವನ ಬದುಕಿನ ಎಲ್ಲ ಹೆಂಗಸರೂ ಒಂದೇ ಮನೆಯಲ್ಲಿ ಅವನ ಸೇವೆಗೆ ನಿಂತಿದ್ದಾರೆ. ಮೊದಲ ಸಲ ನೋಡುವವರು ಗ್ವಿಡೊನ ಚಾವಟಿಯನ್ನೂ ಹೆಂಗಸರ ದಂಗೆಯನ್ನೂ ನೋಡುತ್ತಾರೆ. ಎರಡನೆಯ ಸಲ ಗೋಡೆಗಳು ಕಾಣುತ್ತವೆ: ಅದು ಅದೇ ಹಳ್ಳಿಮನೆ, ಅದೇ ಒಲೆ. ನಡುವಯಸ್ಸಿನ ಗಂಡಸನ್ನು ತೊಟ್ಟಿಯಲ್ಲಿ ಮೀಯಿಸಿ, ಅದೇ ಬಗೆಯ ಬಿಳಿ ಬಟ್ಟೆಯಲ್ಲಿ ಮಗುವಿನಂತೆ ಸುತ್ತಿ ಹೊರುತ್ತಾರೆ. ಅಂತಃಪುರದ ಸುಲ್ತಾನ ದೊಡ್ಡವನಾಗಲು ಒಲ್ಲದ ಹುಡುಗ ಎಂಬ ತೀರ್ಪನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದು ಆ ಮನೆ, ಆ ಬಟ್ಟೆ. ವ್ಯಾಖ್ಯಾನಕಾರರು ಇದನ್ನು ಕಿವಿಯಲ್ಲಿ ಉಸುರಿದರೆ ನಮಗೆ ಮಾಹಿತಿ ಸಿಗುತ್ತದೆ. ನಾವೇ ಕಂಡುಕೊಂಡರೆ ಗ್ವಿಡೊ ಅರ್ಥವಾಗುತ್ತಾನೆ.

ಆಕ್ಷೇಪಗಳು

ಚಿತ್ರದ ಮೇಲಿನ ಮೊದಲ ಆಕ್ಷೇಪ ಆತ್ಮರತಿಯದ್ದು. ದುಡ್ಡು, ಹೆಸರು, ಪ್ರೇಯಸಿ ಎಲ್ಲ ಇರುವವನ ಸಂಕಟಕ್ಕೆ ನಾವು ಏಕೆ ಮರುಗಬೇಕು? ಅಮೆರಿಕದ ಪ್ರಸಿದ್ಧ ವಿಮರ್ಶಕಿ ಪಾಲಿನ್ ಕೇಲ್ ಅವರಿಗೂ ಈ ಚಿತ್ರ ಹಿಡಿಸಿರಲಿಲ್ಲ. ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ 2012ರ ಸಮೀಕ್ಷೆಯಲ್ಲಿ ವಿಮರ್ಶಕರು ಇದಕ್ಕೆ ಹತ್ತನೆಯ ಸ್ಥಾನ ಕೊಟ್ಟರೆ, ನಿರ್ದೇಶಕರು ನಾಲ್ಕನೆಯ ಸ್ಥಾನ ಕೊಟ್ಟರು. ಇದು ಸಿನಿಮಾದವರು ಸಿನಿಮಾದವರಿಗಾಗಿ ಮೆಚ್ಚುವ ಚಿತ್ರ ಎನ್ನುವವರಿಗೆ ಅದೂ ಒಂದು ಆಧಾರ. ಚಿತ್ರದೊಳಗೇ ದೋಮಿಯೆ ಎಂಬ ವಿಮರ್ಶಕನಿದ್ದಾನೆ. ಪ್ರೇಕ್ಷಕರು ಹೇಳಬಹುದಾದ ಎಲ್ಲ ಟೀಕೆಯನ್ನೂ ಅವನು ಮೊದಲೇ ಹೇಳಿಬಿಡುತ್ತಾನೆ. ತನ್ನ ತಪ್ಪನ್ನು ತಾನೇ ಮೊದಲು ಒಪ್ಪಿಕೊಂಡರೆ ತಪ್ಪು ಮಾಫಿಯಾಗುವುದಿಲ್ಲ ಎಂಬುದು ನಿಜ, ಹಾಗಾಗಿ ದೋಮಿಯೆಯನ್ನು ಸಮರ್ಥನೆಯಾಗಿ ನಾನು ಮುಂದಿಡುವುದಿಲ್ಲ. ನನ್ನ ಉತ್ತರ ಬೇರೆ. ಚಿತ್ರ ಗ್ವಿಡೊಗಾಗಿ ಮರುಗಿ ಎಂದು ಎಲ್ಲೂ ಕೇಳುವುದಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಅವನು ಮೇಜಿನ ಕೆಳಗೆ ತೆವಳುತ್ತಾನೆ, ಎಲ್ಲರಿಗೂ ಸುಳ್ಳು ಹೇಳುತ್ತಾನೆ, ಕೇಳಿದ ಪ್ರಶ್ನೆಯಿಂದೆಲ್ಲ ನುಣುಚಿಕೊಳ್ಳುತ್ತಾನೆ. ಇದು ಹಾಸ್ಯಚಿತ್ರ ಎಂಬುದನ್ನು ಮರೆಯಬೇಡ ಎಂಬರ್ಥದ ಚೀಟಿಯನ್ನು ಫೆಲ್ಲಿನಿ ಚಿತ್ರೀಕರಣದ ಉದ್ದಕ್ಕೂ ಕ್ಯಾಮೆರಾಕ್ಕೆ ಅಂಟಿಸಿಕೊಂಡಿದ್ದರು. ಎಲ್ಲರೂ ಉತ್ತರಕ್ಕೆ ಕಾಯುತ್ತಿರುವಾಗ ತನ್ನ ಬಳಿ ಉತ್ತರವಿಲ್ಲ ಎಂದು ಒಪ್ಪಿಕೊಳ್ಳಲಾಗದ ಮುಜುಗರ ನಿರ್ದೇಶಕರಿಗಷ್ಟೇ ಮೀಸಲಾದದ್ದಲ್ಲ. ಮದುವೆ, ನೌಕರಿ, ಮನೆತನ ನಿಭಾಯಿಸುವ ಯಾರಿಗೂ ಅದು ಗೊತ್ತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಚಿತ್ರದ ಹೆಂಗಸರೆಲ್ಲ ಗಂಡಸೊಬ್ಬನ ಕನಸಿನ ಸಾಮಗ್ರಿ. ಹಳ್ಳಿಮನೆಯ ಗೋಡೆಗಳನ್ನು ಗುರುತಿಸಿದ ಮೇಲೂ ಈ ದೂರು ಪೂರ್ತಿ ಅಳಿಯುವುದಿಲ್ಲ. ಕಾರ್ಲಾಳ ಪಾತ್ರದಲ್ಲಿ ಮುಗ್ಧತೆಯನ್ನೂ ಮೈಮಾಟವನ್ನೂ ನಗೆಪಾಟಲಿಗೆ ಬಳಸಿದ್ದು ಇಂದು ಕಣ್ಣಿಗೆ ಚುಚ್ಚುತ್ತದೆ, ಚುಚ್ಚಬೇಕು ಕೂಡ. ಆದರೆ ಲೂಯಿಸಾಳನ್ನು ಬಿಟ್ಟು ಈ ಚರ್ಚೆ ನಡೆಸಲಾಗದು. ನಟಿಯರ ಆಯ್ಕೆಗೆಂದು ತೆಗೆದ ತುಣುಕುಗಳನ್ನು ಕತ್ತಲ ಚಿತ್ರಮಂದಿರದಲ್ಲಿ ತೋರಿಸುವಾಗ ಅವಳು ತನ್ನದೇ ಬದುಕನ್ನು, ತನ್ನದೇ ಕನ್ನಡಕವನ್ನು, ಗಂಡನ ಪ್ರೇಯಸಿಯನ್ನು ಪರದೆಯ ಮೇಲೆ ನೋಡುತ್ತಾಳೆ. ತನ್ನ ನೋವು ಕಚ್ಚಾವಸ್ತುವಾದದ್ದನ್ನು ಕಂಡು ಸಿಡಿದೆದ್ದು ಹೊರನಡೆಯುತ್ತಾಳೆ. ಗ್ವಿಡೊನ ಕನಸಿನೊಳಗೆ ನೆಲ ಒರೆಸುವ ಹೆಂಡತಿಯೂ, ಎಚ್ಚರದಲ್ಲಿ ಅವನನ್ನು ಸುಳ್ಳುಗಾರನೆಂದು ಕಂಡುಹಿಡಿಯುವ ಹೆಂಡತಿಯೂ ಒಬ್ಬಳೇ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವ ಧೈರ್ಯ ಈ ಚಿತ್ರಕ್ಕಿದೆ. ಮುಗಿಯದ ಈ ಜಗಳವೇ ಅದನ್ನು ಇನ್ನೂ ಜೀವಂತವಾಗಿ ಇಟ್ಟಿದೆ.

ಮೂರನೆಯ ಆಕ್ಷೇಪ ನನ್ನ ವಾದದ ಮೇಲೆಯೇ. ವಿವರಣೆ ಬೇಡವೆಂದರೆ ಹೊಸ ಪ್ರೇಕ್ಷಕರನ್ನು ಕೈಬಿಟ್ಟಂತೆ ಆಗುವುದಿಲ್ಲವೆ? ಇಟಲಿಯ ಕ್ಯಾಥೊಲಿಕ್ ಶಾಲೆಗಳ ಭಯ ಗೊತ್ತಿಲ್ಲದವರಿಗೆ, ಕಡಲತೀರದಲ್ಲಿ ಸಾರಾಘೀನಾ ಎಂಬ ಹೆಂಗಸು ಕುಣಿದದ್ದನ್ನು ನೋಡಿದ ಬಾಲಕ ಗ್ವಿಡೊಗೆ ಪಾದ್ರಿಗಳು ಕೊಟ್ಟ ಶಿಕ್ಷೆಯ ತೀವ್ರತೆ ತಿಳಿಯುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ನಾನು ಹೇಳುತ್ತಿರುವುದು ವಿವರಣೆಯನ್ನು ಎಸೆಯಿರಿ ಎಂದಲ್ಲ, ಅದನ್ನು ಆಮೇಲಕ್ಕೆ ಇಟ್ಟುಕೊಳ್ಳಿ ಎಂದು. ಗೆಲ್ಲಲೇಬೇಕಾದ ಪರೀಕ್ಷೆಯಂತೆ ಚಿತ್ರವನ್ನು ಮುಂದಿಟ್ಟು, ಕೈಗೆ ಮಾರ್ಗದರ್ಶಿ ಪುಸ್ತಕ ಕೊಡುವುದೇ ಹೊಸಬರನ್ನು ಹೆಚ್ಚು ಹೆದರಿಸುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದ ಕಾರಿನೊಳಗೆ ಹೊಗೆ ತುಂಬಿ ಉಸಿರುಗಟ್ಟಿದವನು ಹೊರಗೆ ತೂರಿಕೊಂಡು ಆಕಾಶಕ್ಕೆ ಹಾರುವ, ಕಾಲಿಗೆ ಕಟ್ಟಿದ ಹಗ್ಗದಿಂದ ಮತ್ತೆ ಕೆಳಗೆಳೆಯಲ್ಪಡುವ ಮೊದಲ ದೃಶ್ಯಕ್ಕೆ ಬೆಂಗಳೂರಿನ ಯಾವ ಪ್ರೇಕ್ಷಕರಿಗೂ ಅಡಿಟಿಪ್ಪಣಿ ಬೇಕಾಗಲಾರದು. ಸಾರಾಘೀನಾಳ ದೃಶ್ಯದಲ್ಲೂ ಶಿಕ್ಷೆಗೆ ಒಳಗಾದ ಹುಡುಗನ ಮುಖ ಸಾಕಷ್ಟು ಹೇಳುತ್ತದೆ. ಇತಿಹಾಸ ಅದರ ಮೇಲೆ ಆಮೇಲೆ ಬಂದು ಕೂತರೆ ಆ ಮುಖದ ಭಾರ ಹೆಚ್ಚುತ್ತದೆ; ಮೊದಲೇ ಬಂದು ಕೂತರೆ ಮುಖವನ್ನೇ ಮರೆಮಾಡುತ್ತದೆ.

ಇಂಥ ಚಿತ್ರವನ್ನು ದೊಡ್ಡ ಪರದೆಯಲ್ಲೇ ನೋಡಬೇಕು, ಮನೆಯಲ್ಲಿ ನೋಡಿದ್ದು ನೋಡಿದಂತಲ್ಲ ಎಂಬ ಮಾತೂ ಇದೆ. ಕತ್ತಲಲ್ಲಿ ಅಪರಿಚಿತರ ನಡುವೆ ಕೂತು, ನಿಲ್ಲಿಸಲಾಗದ ಹರಿವಿಗೆ ಒಪ್ಪಿಸಿಕೊಳ್ಳುವ ಅನುಭವವನ್ನು ಟಿ.ವಿ. ಕೊಡಲಾರದು, ಒಪ್ಪೋಣ. ಫಿಲ್ಮ್ ಸೊಸೈಟಿಗಳು ಚಿತ್ರವನ್ನು ಒಮ್ಮೆ ತೋರಿಸಿದರೆ ಮತ್ತೆ ನೋಡಲು ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಮೊದಲ ನೋಟ ಆಳವಾಗಿರುತ್ತಿತ್ತು, ಎರಡನೆಯದು ಹಲವರ ಪಾಲಿಗೆ ಬರುತ್ತಲೇ ಇರಲಿಲ್ಲ. ಡಿಸ್ಕ್ ಆ ಎರಡನೆಯದನ್ನು ಕೊಟ್ಟಿದೆ. ಮೊದಲನೆಯದನ್ನು ಕಾಪಾಡಿಕೊಳ್ಳುವ ಹೊಣೆ ಈಗ ನಮ್ಮದು. 138 ನಿಮಿಷ ರಿಮೋಟ್ ದೂರವಿಟ್ಟು, ದೀಪ ಆರಿಸಿ, ಒಂದೇ ಪಟ್ಟಿನಲ್ಲಿ ನೋಡುವುದು ಅಸಾಧ್ಯವಾದ ವ್ರತವೇನಲ್ಲ. ತರಿಸಿಕೊಳ್ಳುವವರು ಒಂದು ಸಂಗತಿ ಗಮನಿಸಬೇಕು: ಬ್ಲೂ-ರೇ ವಲಯದ ಹಂಚಿಕೆಯಲ್ಲಿ ಅಮೆರಿಕ ‘ಎ’, ಭಾರತ ‘ಸಿ’. ಅಮೆರಿಕದ ಡಿಸ್ಕ್ ಇಲ್ಲಿ ಕೊಂಡ ಪ್ಲೇಯರ್‌ನಲ್ಲಿ ಓಡದೆ ಇರಬಹುದು. ಎಲ್ಲ ವಲಯಗಳಿಗೂ ಹೊಂದುವ ಪ್ಲೇಯರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಚಿತ್ರ ನೋಡಿ ಕೆಲವು ದಿನ ಕಳೆದ ಮೇಲೆ ಡಿಸ್ಕಿನ ಉಳಿದ ಸಂಪತ್ತಿಗೆ ಕೈಹಾಕಬಹುದು, ಅಲ್ಲಿಯೂ ಆಯ್ಕೆ ಇರಲಿ. 2010ರ ಬ್ಲೂ-ರೇಯಲ್ಲಿ ಕೈಬಿಟ್ಟ ರೈಲಿನ ಅಂತ್ಯವನ್ನು ಕುರಿತ ಸಾಕ್ಷ್ಯಚಿತ್ರವಿದೆ, ನೀನೊ ರೋಟಾ ಕುರಿತ ಚಿತ್ರವಿದೆ, ಸಹಾಯಕ ನಿರ್ದೇಶಕಿಯಾಗಿದ್ದು ಮುಂದೆ ತಾವೇ ದೊಡ್ಡ ಹೆಸರು ಮಾಡಿದ ಲೀನಾ ವರ್ಟ್‌ಮ್ಯುಲರ್, ನಟಿ ಸಾಂಡ್ರಾ ಮಿಲೊ, ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ ಇವರ ಸಂದರ್ಶನಗಳಿವೆ. ದಿ ವೆನಾಂಜೊ ಅವರ ಬೆಳಕಿನ ಬಗ್ಗೆ ಇನ್ನೊಬ್ಬ ಮಹಾನ್ ಛಾಯಾಗ್ರಾಹಕ ಆಡುವ ಮಾತು ಕೇಳಿದ ಮೇಲೆ ಚಿತ್ರವನ್ನು ಇನ್ನೊಮ್ಮೆ ಹಾಕದೆ ಇರುವುದು ಕಷ್ಟ. ಅತಿ ಮುಖ್ಯವಾದದ್ದು 1969ರಲ್ಲಿ ಅಮೆರಿಕದ ಎನ್‌ಬಿಸಿ ಟಿ.ವಿ.ಗಾಗಿ ಫೆಲ್ಲಿನಿ ಮಾಡಿದ ‘ನಿರ್ದೇಶಕನ ದಿನಚರಿ’. ‘ಮಾಸ್ತೋರ್ನಾನ ಯಾತ್ರೆ’ ಎಂಬ ಚಿತ್ರಕ್ಕಾಗಿ ಕಟ್ಟಿ ಕೈಬಿಟ್ಟ ಸೆಟ್ಟುಗಳು ಹುಲ್ಲು ಬೆಳೆದು ನಿಂತಿರುವುದನ್ನು ಅದರಲ್ಲಿ ಕಾಣಬಹುದು. ಗ್ವಿಡೊನ ರಾಕೆಟ್ ಕಟ್ಟೆ ಕಲ್ಪನೆಯಾಗಿತ್ತು, ಈ ಪಾಳು ನಿಜ. ಉತ್ತರ ಸಿಗದಿರುವ ಭಯವನ್ನು ಫೆಲ್ಲಿನಿ ಅಲಂಕಾರಕ್ಕೆಂದು ಹಚ್ಚಿಕೊಂಡಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಯಾವ ವ್ಯಾಖ್ಯಾನದಲ್ಲೂ ಇಲ್ಲ.

1963ರಲ್ಲೇ ಈ ಚಿತ್ರಕ್ಕೆ ಮಾಸ್ಕೋ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ತೀರ್ಪುಗಾರರಲ್ಲಿ ನಮ್ಮ ಸತ್ಯಜಿತ್ ರಾಯ್ ಕೂಡ ಇದ್ದರು. ಮರುವರ್ಷ ವಿದೇಶಿ ಭಾಷಾ ಚಿತ್ರ ಮತ್ತು ಪಿಯೆರೊ ಗೆರಾರ್ಡಿ ಅವರ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಬಂದವು. ಇಂಥ ಮನ್ನಣೆಗಳ ಪಟ್ಟಿ ಒಂದು ಅಪಾಯವನ್ನೂ ತರುತ್ತದೆ: ಅರ್ಥವಾಗಲಿಲ್ಲ ಎನ್ನಲು ಪ್ರೇಕ್ಷಕರು ಹಿಂಜರಿಯುತ್ತಾರೆ, ಅರ್ಥವಾದಂತೆ ನಟಿಸುವವರು ಹೆಚ್ಚುತ್ತಾರೆ. ಗ್ವಿಡೊ ಇಡೀ ಚಿತ್ರದುದ್ದಕ್ಕೂ ಮಾಡುವುದು ಅದನ್ನೇ. ಗೊತ್ತಿಲ್ಲವೆಂದು ಒಪ್ಪಿಕೊಂಡ ಮೇಲೆಯೇ ಅವನ ಬದುಕಿನ ಜನರೆಲ್ಲ ಅವನ ಮುಂದೆ ಕೈಹಿಡಿದು ಬರುತ್ತಾರೆ, ಅವನೂ ಆ ವೃತ್ತಕ್ಕೆ ಸೇರುತ್ತಾನೆ. ಪ್ರೇಕ್ಷಕರಾದ ನಮಗೂ ಅಷ್ಟೇ ಪ್ರಾಮಾಣಿಕತೆ ಸಾಕು. ಮೊದಲ ಸಲ ಅರ್ಥವಾಗದೆ ಇರಲಿ, ಹಿಡಿಸದೆಯೂ ಇರಲಿ. ಆ ಅಭಿಪ್ರಾಯವನ್ನು ನಾಚದೆ ಹೇಳಿ, ಇನ್ನೊಮ್ಮೆ ನೋಡುವ ಸಹನೆಯೊಂದನ್ನು ಉಳಿಸಿಕೊಂಡರೆ ಡಿಸ್ಕಿಗೆ ಕೊಟ್ಟ ಹಣವೂ, ಚಿತ್ರಕ್ಕೆ ಕೊಟ್ಟ ಸಮಯವೂ ಸಾರ್ಥಕ.